ಎಫ್1 ಕಾರಿನ ಸೀಟು ದುಡ್ಡು ಕೊಟ್ಟರೆ ಸಿಗುತ್ತದೆಯೇ?

ಫಾರ್ಮುಲಾ 1 ಬಗ್ಗೆ ಎರಡು ತರಹದ ಫಾರ್ವರ್ಡ್‌ಗಳು ಓಡಾಡುತ್ತವೆ. ಒಂದರಲ್ಲಿ ಹಸಿರು ಕಾರಿನ ಪಕ್ಕ ನಿಂತ ಯುವಕನ ಫೋಟೋ, ಕೆಳಗೆ ‘ಮಗನಿಗೆ ಸೀಟು ಸಿಗಲಿಲ್ಲ ಅಂತ ಅಪ್ಪ ತಂಡವನ್ನೇ ಕೊಂಡುಕೊಂಡ’ ಎಂಬ ಅರ್ಥದ ಸಾಲು. ಇನ್ನೊಂದರಲ್ಲಿ ಲೂಯಿಸ್ ಹ್ಯಾಮಿಲ್ಟನ್ ಅವರ ಬಾಲ್ಯದ ಚಿತ್ರ. ಅಪ್ಪ ಒಂದಲ್ಲ ಎರಡಲ್ಲ, ಹಲವು ಕಡೆ ದುಡಿದು ಮಗನನ್ನು ವಿಶ್ವ ಚಾಂಪಿಯನ್ ಮಾಡಿದ, ಛಲವೊಂದಿದ್ದರೆ ಸಾಕು ಎಂಬ ಮಾತು. ಎರಡನ್ನೂ ಒಂದೇ ಗ್ರೂಪಿನಲ್ಲಿ ಒಬ್ಬರೇ ಕಳಿಸಿದ್ದೂ ಉಂಟು!

ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವೇ? ಒಂದು ಮಟ್ಟಿಗೆ ಹೌದು. ಎರಡರಲ್ಲೂ ಸತ್ಯದ ತುಣುಕಿದೆ. ಆದರೆ ದುಡ್ಡು ಎಲ್ಲಿ ನಿಜವಾಗಿ ಕೆಲಸ ಮಾಡುತ್ತದೆ ಎಂಬುದನ್ನು ಎರಡೂ ಹೇಳುವುದಿಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ ‘ಡ್ರೈವ್ ಟು ಸರ್ವೈವ್’ ನೋಡಿ, ವಾರಾಂತ್ಯಕ್ಕೆ ಮಕ್ಕಳನ್ನು ಗೋ ಕಾರ್ಟಿಂಗ್‌ಗೆ ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರು ಈಗ ನಮ್ಮ ಊರುಗಳಲ್ಲೂ ಇದ್ದಾರೆ. ಅವರಿಗೆ ಇದು ಬರೀ ಹರಟೆಯ ವಿಷಯವಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು ಲೈಸೆನ್ಸ್ ವಿಚಾರ

ಕೋಟ್ಯಧಿಪತಿಯೊಬ್ಬ ನಾಳೆ ಬೆಳಿಗ್ಗೆ ಚೆಕ್ ಬರೆದುಕೊಟ್ಟು ಮಗನನ್ನು ಎಫ್1 ಕಾರಿನಲ್ಲಿ ಕೂರಿಸಲು ಆಗುವುದಿಲ್ಲ. ಎಫ್1 ರೇಸಿನಲ್ಲಿ ಓಡಿಸಬೇಕಾದರೆ ‘ಸೂಪರ್ ಲೈಸೆನ್ಸ್’ ಬೇಕು. ಇದನ್ನು ಕೊಡುವುದು ಮೋಟಾರ್ ಕ್ರೀಡೆಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎ. ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು. ಕೆಳಹಂತದ ರೇಸುಗಳಲ್ಲಿ ಕನಿಷ್ಠ ಎರಡು ಸೀಸನ್ ಓಡಿಸಿರಬೇಕು. ಎಫ್1 ಕಾರಿನಲ್ಲಿ 300 ಕಿಲೋಮೀಟರ್ ಓಡಿಸಿ ತೋರಿಸಬೇಕು. ನಿಯಮಗಳ ಪರೀಕ್ಷೆಯೂ ಇದೆ. ಎಲ್ಲಕ್ಕಿಂತ ಮುಖ್ಯವಾದದ್ದು 40 ಪಾಯಿಂಟ್. ಕೆಳಹಂತದ ಚಾಂಪಿಯನ್‌ಷಿಪ್‌ಗಳಲ್ಲಿ ಎಷ್ಟನೇ ಸ್ಥಾನ ಬಂದಿರಿ ಎಂಬುದರ ಮೇಲೆ ಈ ಪಾಯಿಂಟ್ ಸಿಗುತ್ತದೆ. ಫಾರ್ಮುಲಾ 2ರಲ್ಲಿ ಮೊದಲ ಮೂರು ಸ್ಥಾನದಲ್ಲಿ ಮುಗಿಸಿದರೆ ಒಂದೇ ಬಾರಿಗೆ 40 ಸಿಗುತ್ತದೆ.

2015ರಲ್ಲಿ ಮ್ಯಾಕ್ಸ್ ವರ್ಸ್ಟಾಪನ್ 17ನೇ ವಯಸ್ಸಿಗೇ ಎಫ್1ಗೆ ಇಳಿದರು. ಆ ಚರ್ಚೆಯ ನಂತರ, 2016ರಿಂದ ಈ ಪಾಯಿಂಟ್ ಪದ್ಧತಿ ಬಂತು. ಅದು ಕಾಗದದ ಮೇಲಿನ ನಿಯಮವಲ್ಲ ಎಂಬುದಕ್ಕೆ 2022ರ ಒಂದು ಪ್ರಸಂಗ ಸಾಕು. ಅಮೆರಿಕದ ಇಂಡಿಕಾರ್ ಸರಣಿಯಲ್ಲಿ ಗೆದ್ದು ಹೆಸರು ಮಾಡಿದ್ದ ಕೋಲ್ಟನ್ ಹರ್ಟಾ ಅವರನ್ನು ರೆಡ್ ಬುಲ್ ತನ್ನ ಎರಡನೇ ತಂಡಕ್ಕೆ ತರಲು ಬಯಸಿತ್ತು. ಅವರ ಬಳಿ 40 ಪಾಯಿಂಟ್ ಇರಲಿಲ್ಲ. ಎಫ್‌ಐಎ ವಿನಾಯಿತಿ ಕೊಡಲಿಲ್ಲ, ಅವರು ಬರಲಿಲ್ಲ.

ನಮಗೆ ಗೊತ್ತಿರುವ ಭಾಷೆಯಲ್ಲಿ ಹೇಳಬೇಕೆಂದರೆ ಇದು ಮೆಡಿಕಲ್ ಸೀಟಿನ ಹಾಗೆ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಬೇಕಾದರೂ ನೀಟ್‌ನಲ್ಲಿ ಅರ್ಹತೆ ಪಡೆಯಲೇಬೇಕು. ಅರ್ಹತೆ ಪಡೆದವರ ಸಾಲಿನಲ್ಲಿ ಫೀಸು ಕಟ್ಟಬಲ್ಲವನಿಗೆ ಸೀಟು, ಕಟ್ಟಲಾಗದವನಿಗೆ ಕಾಯುವ ಕೆಲಸ.

ಸಂಬಳ ಕೊಡುವ ಚಾಲಕ

ಈ ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಎಫ್1ನಲ್ಲಿ ‘ಪೇ ಡ್ರೈವರ್’ ಎನ್ನುತ್ತಾರೆ. ಹೆಸರು ಕೇಳಿದರೆ ಸಂಬಳ ಪಡೆಯುವವನು ಅನ್ನಿಸುತ್ತದೆ, ಅರ್ಥ ಅದರ ತದ್ವಿರುದ್ಧ. ತಾನೇ ಅಥವಾ ತನ್ನ ಪ್ರಾಯೋಜಕರ ಮೂಲಕ ತಂಡಕ್ಕೆ ಹಣ ತಂದು ಓಡಿಸುವವನು. ಇದು ಇಂದು ನಿನ್ನೆಯದಲ್ಲ, ಮತ್ತು ಹೀಗೆ ಬಂದವರೆಲ್ಲ ಕಳಪೆಯೂ ಅಲ್ಲ.

ಆಸ್ಟ್ರಿಯಾದ ನಿಕಿ ಲಾಡಾ ಸಿರಿವಂತರ ಮನೆಯವರು. ಆದರೆ ಮನೆಯವರಿಗೆ ಈ ಹುಚ್ಚು ಹಿಡಿಸಲಿಲ್ಲ, ಕಾಸು ಬಿಚ್ಚಲಿಲ್ಲ. 1970ರ ದಶಕದ ಆರಂಭದಲ್ಲಿ ಲಾಡಾ ತಮ್ಮ ಜೀವ ವಿಮೆಯನ್ನೇ ಅಡ ಇಟ್ಟು ಬ್ಯಾಂಕ್ ಸಾಲ ತೆಗೆದು ಮಾರ್ಚ್ ತಂಡದಲ್ಲಿ ಸೀಟು ಕೊಂಡರು. ಅಲ್ಲಿ ಸರಿಹೋಗದೆ ಮತ್ತೆ ಸಾಲ ಮಾಡಿ ಬಿಆರ್‌ಎಂ ತಂಡಕ್ಕೆ ಹೋದರು. ಅಲ್ಲಿಂದ ಫೆರಾರಿ ಕರೆಯಿತು. ಮುಂದೆ ಮೂರು ಬಾರಿ ವಿಶ್ವ ಚಾಂಪಿಯನ್. ಮೈಕೆಲ್ ಶುಮಾಕರ್ 1991ರಲ್ಲಿ ಬೆಲ್ಜಿಯಂನಲ್ಲಿ ಜೋರ್ಡನ್ ತಂಡಕ್ಕೆ ಮೊದಲ ಬಾರಿ ಓಡಿಸಿದಾಗಲೂ ಅವರ ಪರವಾಗಿ ಮರ್ಸಿಡಿಸ್ ಹಣ ಕಟ್ಟಿತ್ತು. ಒಂದೂವರೆ ಲಕ್ಷ ಡಾಲರ್ ಎಂದು ಆಗಿನ ವರದಿಗಳು ಹೇಳುತ್ತವೆ. ಏಳು ಬಾರಿಯ ಚಾಂಪಿಯನ್ನರ ಮೊದಲ ರೇಸು ಕೂಡ ಹಣ ಕೊಟ್ಟು ಪಡೆದದ್ದೇ.

ಪಾಸ್ಟರ್ ಮಾಲ್ಡೊನಾಡೊ ಅವರ ಹಿಂದೆ ವೆನೆಜುವೆಲಾದ ಸರ್ಕಾರಿ ತೈಲ ಕಂಪನಿಯೇ ಇತ್ತು. ಅದು ವಿಲಿಯಮ್ಸ್ ತಂಡಕ್ಕೆ ವರ್ಷ ವರ್ಷವೂ ಕೋಟ್ಯಂತರ ಡಾಲರ್ ಸುರಿಯುತ್ತಿತ್ತು. ಡಿಕ್ಕಿ ಹೊಡೆಯುವುದರಲ್ಲಿ ಅವರು ಎಷ್ಟು ಹೆಸರುವಾಸಿಯಾದರೆಂದರೆ ಅವರ ಮೇಲೆ ಮೀಮ್‌ಗಳ ರಾಶಿಯೇ ಇದೆ. ಅದೇ ಮಾಲ್ಡೊನಾಡೊ 2010ರ ಜಿಪಿ2 ಚಾಂಪಿಯನ್. 2012ರ ಸ್ಪೇನ್ ರೇಸಿನಲ್ಲಿ ಫರ್ನಾಂಡೊ ಅಲೋನ್ಸೊ ಅವರನ್ನು ಹಿಂದಿಕ್ಕಿ ಗೆದ್ದು, ಎಂಟು ವರ್ಷಗಳಿಂದ ಗೆಲುವನ್ನೇ ಕಾಣದಿದ್ದ ವಿಲಿಯಮ್ಸ್‌ಗೆ ಗೆಲುವು ತಂದುಕೊಟ್ಟರು. ತೈಲದ ಹಣ ಬತ್ತಿದ ಮೇಲೆ, 2016ರ ಸೀಸನ್ ಶುರುವಾಗುವ ಮೊದಲೇ ಅವರ ಸೀಟೂ ಹೋಯಿತು.

ರಷ್ಯಾದ ನಿಕಿತಾ ಮಾಜೆಪಿನ್ ಕತೆಯೂ ಇದೇ ದಾರಿ. 2021ರಲ್ಲಿ ತಂದೆಗೆ ಸಂಬಂಧಿಸಿದ ಗೊಬ್ಬರದ ಕಂಪನಿ ಉರಾಲ್ಕಲಿ ಹಾಸ್ ತಂಡದ ಮುಖ್ಯ ಪ್ರಾಯೋಜಕ, ಮಗ ಅದೇ ತಂಡದ ಚಾಲಕ. 2022ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ ತಂಡ ಇಬ್ಬರನ್ನೂ ಒಟ್ಟಿಗೇ ಕೈಬಿಟ್ಟಿತು. ಹಣದ ಜೊತೆ ಬಂದ ಸೀಟು ಹಣದ ಜೊತೆಗೇ ಹೋಗುತ್ತದೆ.

ಅಪ್ಪ ತಂಡ ಕೊಂಡ ಕತೆ

ಈಗ ಆ ಹಸಿರು ಕಾರಿನ ಫೋಟೋಗೆ ಬರೋಣ. ಅದು ಆಸ್ಟನ್ ಮಾರ್ಟಿನ್‌ನ ಲಾನ್ಸ್ ಸ್ಟ್ರೋಲ್. ತಂದೆ ಲಾರೆನ್ಸ್ ಸ್ಟ್ರೋಲ್ ಕೆನಡಾದ ಕೋಟ್ಯಧಿಪತಿ. ಫಾರ್ವರ್ಡ್ ಹೇಳುವಂತೆ ‘ಸೀಟು ಸಿಗಲಿಲ್ಲ, ಅದಕ್ಕೆ ಕೊಂಡ’ ಎಂಬುದು ಸರಿಯಲ್ಲ. ಲಾನ್ಸ್ 2016ರಲ್ಲಿ ಯುರೋಪಿಯನ್ ಫಾರ್ಮುಲಾ 3 ಚಾಂಪಿಯನ್ ಆಗಿದ್ದರು. 2017ರಲ್ಲೇ ವಿಲಿಯಮ್ಸ್ ತಂಡದಲ್ಲಿ ಓಡಿಸುತ್ತಿದ್ದರು. ಅದೇ ವರ್ಷ ಬಾಕುವಿನಲ್ಲಿ ಮೂರನೇ ಸ್ಥಾನ ಪಡೆದಿದ್ದರು.

ತಂಡ ಕೊಂಡದ್ದು 2018ರಲ್ಲಿ. ಆ ತಂಡದ ಹೆಸರು ನಮಗೆಲ್ಲ ಗೊತ್ತು: ಫೋರ್ಸ್ ಇಂಡಿಯಾ. ಹೌದು, ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಅವರದ್ದೇ. ಸಾಲಗಾರರ ಕಾಟದಲ್ಲಿ ತಂಡ ಆ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿದ್ದ ಸುಮಾರು 400 ಜನರ ಕೆಲಸ ತೂಗುಯ್ಯಾಲೆಯಲ್ಲಿತ್ತು. ಲಾರೆನ್ಸ್ ಸ್ಟ್ರೋಲ್ ನೇತೃತ್ವದ ಹೂಡಿಕೆದಾರರು ಅದನ್ನು ಕೊಂಡು ಉಳಿಸಿದರು. 2019ರಲ್ಲಿ ಲಾನ್ಸ್ ಆ ತಂಡಕ್ಕೆ ಬಂದರು.

ಹಾಗೆ ಬರಲು ಯಾರೋ ಒಬ್ಬರು ಹೋಗಬೇಕಿತ್ತಲ್ಲ? ಹೋದವರು ಫ್ರಾನ್ಸ್‌ನ ಎಸ್ಟೆಬಾನ್ ಒಕಾನ್. ಅವರ ತಂದೆ ಕಾರು ರಿಪೇರಿ ಗ್ಯಾರೇಜ್ ನಡೆಸುತ್ತಿದ್ದವರು. ಮಗನ ರೇಸಿಂಗ್‌ಗಾಗಿ ಅಪ್ಪ ಅಮ್ಮ ಮನೆ ಮಾರಿ, ಕ್ಯಾರವಾನ್‌ನಲ್ಲೇ ವಾಸ ಮಾಡಿಕೊಂಡು ರೇಸಿನಿಂದ ರೇಸಿಗೆ ಹೋಗುತ್ತಿದ್ದರೆಂದು ಒಕಾನ್ ಅವರೇ ಹೇಳಿಕೊಂಡಿದ್ದಾರೆ. 2018ರ ಕೊನೆಗೆ ಅವರಿಗೆ ಎಲ್ಲೂ ಸೀಟು ಸಿಗಲಿಲ್ಲ. 2019 ಪೂರ್ತಿ ಮರ್ಸಿಡಿಸ್‌ನ ಮೀಸಲು ಚಾಲಕರಾಗಿ ಪಕ್ಕದಲ್ಲಿ ನಿಂತು ನೋಡಿದರು. 2020ರಲ್ಲಿ ರೆನೋ ತಂಡದಿಂದ ಮರಳಿ ಬಂದು, 2021ರಲ್ಲಿ ಹಂಗೇರಿ ರೇಸು ಗೆದ್ದರು.

ಅದೇ ತಂಡದಲ್ಲಿ ಮುಂದಿನ ಸರದಿ ಸೆರ್ಗಿಯೊ ಪೆರೆಜ್ ಅವರದು. 2021ಕ್ಕೆ ಸೆಬಾಸ್ಟಿಯನ್ ವೆಟೆಲ್ ಬರುವುದು ಖಚಿತವಾದಾಗ ಇಬ್ಬರಲ್ಲಿ ಯಾರು ಹೊರಡಬೇಕು ಎಂಬ ಪ್ರಶ್ನೆ ಬಂತು. ಆ ಸೀಸನ್ ಮುಗಿದಾಗ ಪಾಯಿಂಟ್ ಪಟ್ಟಿಯಲ್ಲಿ ಲಾನ್ಸ್‌ಗಿಂತ ಮುಂದಿದ್ದ ಪೆರೆಜ್ ಅವರೇ ಹೊರಟರು. ಹೊರಡುವ ಮೊದಲು 2020ರ ಸಖೀರ್ ರೇಸನ್ನು ಗೆದ್ದರು, ಅದನ್ನು ನೋಡಿ ರೆಡ್ ಬುಲ್ ಅವರನ್ನು ಕರೆದುಕೊಂಡಿತು. ಒಂದು ಮಾತು ಸೇರಿಸಲೇಬೇಕು. ಪೆರೆಜ್ ಕೂಡ ಬರಿಗೈಯವರಲ್ಲ. ಮೆಕ್ಸಿಕೊದ ಕಾರ್ಲೋಸ್ ಸ್ಲಿಮ್ ಅವರ ಟೆಲ್ಮೆಕ್ಸ್ ಕಂಪನಿ ಚಿಕ್ಕಂದಿನಿಂದ ಅವರ ಬೆನ್ನಿಗಿತ್ತು.

ಲಾನ್ಸ್‌ಗೆ ಯೋಗ್ಯತೆಯೇ ಇಲ್ಲ ಎನ್ನುವವರು ಇನ್ನೊಂದು ಘಟನೆ ನೋಡಬೇಕು. 2023ರ ಆರಂಭದಲ್ಲಿ ಸೈಕಲ್‌ನಿಂದ ಬಿದ್ದು ಅವರ ಮಣಿಕಟ್ಟು ಮುರಿದಿತ್ತು. ಅದೇ ನೋವಿನ ಕೈಯಲ್ಲಿ ಬಹ್ರೇನ್ ರೇಸು ಓಡಿಸಿ ಆರನೇ ಸ್ಥಾನ ಪಡೆದರು. ಆಗ ಅವರ ಬದಲಿಗೆ ಸಿದ್ಧರಾಗಿ ನಿಂತಿದ್ದವರು ಫೆಲಿಪೆ ದ್ರುಗೊವಿಚ್, 2022ರ ಫಾರ್ಮುಲಾ 2 ಚಾಂಪಿಯನ್. ದ್ರುಗೊವಿಚ್‌ಗೆ ಎಫ್1 ರೇಸು ಓಡಿಸುವ ಅವಕಾಶ ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಕತೆಯ ತಿರುಳು ಇಲ್ಲಿದೆ. ದುಡ್ಡಿರುವವನು ನಿಧಾನಿ ಎಂದಲ್ಲ. ಒಂದು ಕೆಟ್ಟ ಸೀಸನ್ ಆದರೂ ಅವನಿಗೆ ಮರುವರ್ಷ ಇದೆ. ಉಳಿದವರಿಗೆ ಆ ಮರುವರ್ಷ ಇಲ್ಲ.

ಜರಡಿ ಇರುವುದು ಕೆಳಗೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಮೇಲಿನ ಮೆಟ್ಟಿಲ ಕತೆ. ಕ್ಯಾಮೆರಾ ಅಲ್ಲಿರುವುದರಿಂದ ಗಲಾಟೆಯೂ ಅಲ್ಲೇ. ನಿಜವಾದ ಜರಡಿ ಇರುವುದು ಅದಕ್ಕಿಂತ ಹತ್ತು ವರ್ಷ ಕೆಳಗೆ.

ಮಗು ಏಳೆಂಟು ವರ್ಷಕ್ಕೆ ಕಾರ್ಟ್ ಹತ್ತುತ್ತದೆ. ಆಮೇಲೆ ಯುರೋಪಿನ ಕಾರ್ಟಿಂಗ್, 15ರ ಆಸುಪಾಸಿಗೆ ಫಾರ್ಮುಲಾ 4, ನಂತರ ಫಾರ್ಮುಲಾ 3, ಫಾರ್ಮುಲಾ 2. ಈ ಯಾವ ಹಂತದಲ್ಲೂ ಚಾಲಕನಿಗೆ ಸಂಬಳ ಇರುವುದಿಲ್ಲ. ತಂಡಕ್ಕೆ ಚಾಲಕನ ಕಡೆಯವರೇ ಹಣ ಕಟ್ಟಬೇಕು. ಮರ್ಸಿಡಿಸ್ ತಂಡದ ಮುಖ್ಯಸ್ಥ ಟೊಟೊ ವೊಲ್ಫ್ ಕೆಲವು ವರ್ಷಗಳ ಹಿಂದೆ ಇದರ ಲೆಕ್ಕ ಬಿಡಿಸಿಟ್ಟಿದ್ದರು. ತುಂಬಾ ಪ್ರತಿಭೆಯಿರುವ ಹುಡುಗನಿಗೂ ಬರೀ ಕಾರ್ಟಿಂಗ್‌ಗೆ ಸುಮಾರು 10 ಲಕ್ಷ ಯೂರೋ. ಮುಂದಿನ ಹಂತಗಳನ್ನೆಲ್ಲ ಸೇರಿಸಿ ಎಫ್1 ಬಾಗಿಲಿಗೆ ಬರುವಷ್ಟರಲ್ಲಿ 45ರಿಂದ 50 ಲಕ್ಷ ಯೂರೋ. ಬಾಗಿಲು ದಾಟಲು ಇನ್ನೂ 20ರಿಂದ 30 ಲಕ್ಷ. ಒಟ್ಟು ಸುಮಾರು 80 ಲಕ್ಷ ಯೂರೋ. ಯೂರೋಗೆ 90 ರೂಪಾಯಿ ಎಂದು ಹಿಡಿದರೂ 72 ಕೋಟಿ ರೂಪಾಯಿ! ಅಲ್ಲಿಂದೀಚೆಗೆ ಖರ್ಚು ಏರಿದೆಯೇ ಹೊರತು ಇಳಿದಿಲ್ಲ. ಈಗ ಫಾರ್ಮುಲಾ 2ರ ಒಂದೇ ಸೀಸನ್‌ಗೆ 20 ಲಕ್ಷ ಯೂರೋ ದಾಟುತ್ತದೆ.

ಯಾಕಿಷ್ಟು? ಕ್ರಿಕೆಟ್‌ನಲ್ಲಿ ಬಡವರ ಮನೆಯ ಹುಡುಗ ಗೋಡೆಗೆ ಚೆಂಡು ಹೊಡೆದು ಸಾವಿರ ಸಲ ಅಭ್ಯಾಸ ಮಾಡಬಹುದು. ಸಾವಿರದ ಒಂದನೇ ಹೊಡೆತಕ್ಕೆ ಖರ್ಚಿಲ್ಲ. ರೇಸಿಂಗ್‌ನಲ್ಲಿ ಪ್ರತಿ ಸುತ್ತಿಗೂ ಬೆಲೆ ಇದೆ. ಟೈರು ಸವೆಯುತ್ತದೆ, ಇಂಧನ ಉರಿಯುತ್ತದೆ, ಇಂಜಿನ್ ಇಷ್ಟು ಗಂಟೆ ಓಡಿದ ಮೇಲೆ ಬಿಚ್ಚಿ ಕಟ್ಟಬೇಕು, ಟ್ರ್ಯಾಕಿಗೆ ಬಾಡಿಗೆ, ಮೆಕ್ಯಾನಿಕ್‌ಗೆ ಸಂಬಳ. ಗೋಡೆಗೆ ಗುದ್ದಿದರೆ ಆ ಖರ್ಚೂ ನಿಮ್ಮದೇ. ಅಂದರೆ ಇಲ್ಲಿ ದುಡ್ಡು ಕೊಂಡುಕೊಡುವುದು ಅಭ್ಯಾಸವನ್ನೇ. 14 ವರ್ಷದ ಇಬ್ಬರು ಹುಡುಗರಲ್ಲಿ ಒಬ್ಬ ಹತ್ತು ಪಟ್ಟು ಹೆಚ್ಚು ಸುತ್ತು ಹಾಕಿದ್ದರೆ, ಅವನ ಕೈಚಳಕದಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಬಿಲ್ಲು ಕಟ್ಟಿ ಬಂದದ್ದೆಷ್ಟು ಎಂದು ಹೇಳುವುದು ಯಾರಿಗೂ ಕಷ್ಟ.

ಫಾರ್ಮುಲಾ 2ರಲ್ಲಿ ಎಲ್ಲರಿಗೂ ಒಂದೇ ಕಾರು, ಒಂದೇ ಇಂಜಿನ್ ಎಂಬ ವಾದವೂ ಕೇಳಿಬರುತ್ತದೆ. ಕಾರು ಒಂದೇ ಇರಬಹುದು, ಅದನ್ನು ಸಜ್ಜುಗೊಳಿಸುವ ಇಂಜಿನಿಯರ್ ಒಂದೇ ಅಲ್ಲ, ಸಿಮ್ಯುಲೇಟರ್ ಒಂದೇ ಅಲ್ಲ. ಹಾಗೆಯೇ ಹಳೆಯ ಎಫ್1 ಕಾರುಗಳಲ್ಲಿ ಖಾಸಗಿಯಾಗಿ ಅಭ್ಯಾಸ ಮಾಡಲು ನಿಯಮದಲ್ಲಿ ಅವಕಾಶವಿದೆ. ಅದನ್ನು ಬಳಸಿಕೊಳ್ಳಲು ತಂಡದ ಕೃಪೆ ಬೇಕು, ಇಲ್ಲವೇ ದೊಡ್ಡ ಜೇಬು ಬೇಕು.

ಹಾಗಾದರೆ ಹ್ಯಾಮಿಲ್ಟನ್?

ಹ್ಯಾಮಿಲ್ಟನ್ ಅವರ ತಂದೆ ಆಂಥನಿ ಒಂದೇ ಸಮಯಕ್ಕೆ ಹಲವು ಕೆಲಸ ಮಾಡಿದ್ದು ನಿಜ. ಫಾರ್ವರ್ಡ್ ಅಲ್ಲಿಗೇ ನಿಲ್ಲುತ್ತದೆ. ಮುಂದಿನ ಸಾಲು ಇದು: 1998ರಲ್ಲಿ, ಹ್ಯಾಮಿಲ್ಟನ್‌ಗೆ 13 ವರ್ಷವಾಗಿದ್ದಾಗ, ಮೆಕ್ಲಾರೆನ್ ತಂಡ ಮರ್ಸಿಡಿಸ್ ಜೊತೆ ಸೇರಿ ಅವರನ್ನು ತನ್ನ ಯುವ ಚಾಲಕರ ಯೋಜನೆಗೆ ತೆಗೆದುಕೊಂಡಿತು. ಅಲ್ಲಿಂದ ಮುಂದಿನ ಖರ್ಚಿಗೆ ಆ ಬೆಂಬಲ ಇತ್ತು. ಅಪ್ಪನ ದುಡಿಮೆ ಮಗನನ್ನು ಮೆಕ್ಲಾರೆನ್ ಕಣ್ಣಿಗೆ ಬೀಳಿಸುವವರೆಗೆ ತಂದಿತು. ಎಫ್1 ತನಕ ತಂದದ್ದು ಮೆಕ್ಲಾರೆನ್ ಹಣ. ಶುಮಾಕರ್ ಅವರ ತಂದೆ ಗಾರೆ ಕೆಲಸದವರು, ಕೆರ್ಪೆನ್ ಊರಿನ ಕಾರ್ಟಿಂಗ್ ಟ್ರ್ಯಾಕ್ ನೋಡಿಕೊಳ್ಳುತ್ತಿದ್ದರು. ಅವರಿಗೂ ಬೇರೆಯವರ ಹಣ ಬಂತು. ಶಾರ್ಲ್ ಲೆಕ್ಲೇರ್ ಅವರ ಮನೆಯಲ್ಲಿ ಕಾರ್ಟಿಂಗ್ ಹಣ ಮುಗಿದಾಗ ಮ್ಯಾನೇಜರ್ ನಿಕೊಲಾ ಟೋಡ್ ಕೈಹಿಡಿದರು, ನಂತರ ಫೆರಾರಿ ಅಕಾಡೆಮಿ.

ಇಂಥ ಅಕಾಡೆಮಿಗಳು ಈಗ ಎಲ್ಲ ದೊಡ್ಡ ತಂಡಗಳಿಗೂ ಇವೆ. ಒಳ್ಳೆಯದೇ. ಆದರೆ ಅವು ಆರಿಸುವುದು ಕಾರ್ಟಿಂಗ್‌ನಲ್ಲಿ ಈಗಾಗಲೇ ಗೆಲ್ಲುತ್ತಿರುವ ಮಕ್ಕಳನ್ನು. ಗೆಲ್ಲುವಷ್ಟರಲ್ಲಿ ಮನೆಯವರ ಹಣ ಆಗಲೇ ಕರಗಿರುತ್ತದೆ. ಮ್ಯಾಕ್ಸ್ ವರ್ಸ್ಟಾಪನ್ ಅವರ ತಂದೆ ಸ್ವತಃ ಎಫ್1 ಚಾಲಕ, ತಾಯಿ ಕಾರ್ಟಿಂಗ್‌ನಲ್ಲಿ ಹೆಸರು ಮಾಡಿದವರು. ಲ್ಯಾಂಡೋ ನಾರಿಸ್ ಅವರ ತಂದೆ ದೊಡ್ಡ ಉದ್ಯಮಿ. ಇವರ ಪ್ರತಿಭೆಯನ್ನು ನಾವು ಪ್ರಶ್ನಿಸುತ್ತಿಲ್ಲ, ಆ ಪ್ರತಿಭೆ ಹೊರಬೀಳಲು ಬೇಕಾದ ಟ್ರ್ಯಾಕು ಮನೆಯಲ್ಲೇ ಸಿಕ್ಕಿತ್ತು ಎನ್ನುತ್ತಿದ್ದೇವೆ.

ಮನೆ ಮಾರಿ ಮಗನನ್ನು ಗೆಲ್ಲಿಸಿದವರ ಕತೆ ಫಾರ್ವರ್ಡ್ ಆಗುತ್ತದೆ. ಮನೆ ಮಾರಿಯೂ ಮಗ ಎಫ್1 ತಲುಪದವರ ಕತೆಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಉಳಿದುಬಂದವರನ್ನು ಮಾತ್ರ ಎಣಿಸಿದರೆ ಯಾವ ದಾರಿಯೂ ಸುರಕ್ಷಿತವಾಗಿಯೇ ಕಾಣುತ್ತದೆ.

ಹುಡುಗಿಯರಿಗೆ ಈ ಗೋಡೆ ಇನ್ನೂ ಎತ್ತರ. 2019ರಲ್ಲಿ ಶುರುವಾದ ಡಬ್ಲ್ಯು ಸೀರೀಸ್‌ನಲ್ಲಿ ಚಾಲಕಿಯರು ಹಣ ಕಟ್ಟಬೇಕಿರಲಿಲ್ಲ. ಜೇಮಿ ಚಾಡ್ವಿಕ್ ಅಲ್ಲಿ ಮೂರು ಬಾರಿ ಚಾಂಪಿಯನ್ ಆದರು. ಆದರೂ ಫಾರ್ಮುಲಾ 2 ಸೀಟು ಸಿಗಲಿಲ್ಲ. ಸರಣಿಯೇ ಹಣವಿಲ್ಲದೆ 2022ರಲ್ಲಿ ಅರ್ಧಕ್ಕೆ ನಿಂತುಹೋಯಿತು.

ನಮ್ಮವರು

ಎಫ್1ನಲ್ಲಿ ರೇಸು ಓಡಿಸಿದ ಭಾರತೀಯರು ಇಬ್ಬರೇ. ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಜೋರ್ಡನ್ ತಂಡಕ್ಕೆ ಹೋದಾಗ ಹಿಂದೆ ಟಾಟಾ ಪ್ರಾಯೋಜಕತ್ವ ಇತ್ತು. 2011ರಲ್ಲಿ ಎಚ್‌ಆರ್‌ಟಿ ತಂಡದಲ್ಲಿದ್ದಾಗ, ಅರ್ಧ ಸೀಸನ್‌ಗೆ ಅವರ ಸೀಟು ರೆಡ್ ಬುಲ್ ಬೆಂಬಲವಿದ್ದ ಡೇನಿಯಲ್ ರಿಕಾರ್ಡೊ ಅವರಿಗೆ ಹೋಯಿತು. ಹಿಂದಿನ ವರ್ಷ ಅದೇ ತಂಡದಲ್ಲಿ ಕರುಣ್ ಚಂದೋಕ್ ಅವರೂ ಅರ್ಧಕ್ಕೇ ಸೀಟು ಕಳೆದುಕೊಂಡಿದ್ದರು. ಇಂಡಿಯಾ ಎಂದು ಹೆಸರಿಟ್ಟುಕೊಂಡ ಫೋರ್ಸ್ ಇಂಡಿಯಾ ಹತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಭಾರತೀಯನಿಗೂ ರೇಸು ಸೀಟು ಕೊಡಲಿಲ್ಲ. 2011ರಲ್ಲಿ ದೇಶದಾದ್ಯಂತ ಮಕ್ಕಳಲ್ಲಿ ಪ್ರತಿಭಾಶೋಧ ನಡೆಸಿ ಮೂವರನ್ನು ಆರಿಸಿತ್ತು, ಅದು ನಿಜ. ಅವರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಮತ್ತು ಮುಂಬೈನ ಜೆಹಾನ್ ದಾರುವಾಲಾ ಫಾರ್ಮುಲಾ 2 ತನಕ ಹೋದರು. ಜೆಹಾನ್ ಅಲ್ಲಿ ರೇಸುಗಳನ್ನೂ ಗೆದ್ದರು. ಎಫ್1 ಬಾಗಿಲು ತೆರೆಯಲಿಲ್ಲ.

ಅರ್ಜುನ್ ಅವರ ತಮ್ಮ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸು ಗೆದ್ದದ್ದು ನಿಮಗೆ ನೆನಪಿರಬಹುದು. ಇವರು ರೇವಾ ಎಲೆಕ್ಟ್ರಿಕ್ ಕಾರು ಹುಟ್ಟಿದ ಮೈನಿ ಗ್ರೂಪ್‌ನ ಮನೆಯವರು, ತಂದೆಯೂ ರೇಸು ಓಡಿಸಿದವರು. ಉದ್ಯಮಿ ಕುಟುಂಬ, ಎರಡು ಪ್ರತಿಭಾವಂತ ಮಕ್ಕಳು, ಯುರೋಪಿನಲ್ಲಿ ವರ್ಷಗಟ್ಟಲೆ ಓಡಾಟ. ಇಷ್ಟೆಲ್ಲ ಇದ್ದೂ ದಾರಿ ಇಷ್ಟು ಕಡಿದು.

ಈಗ ಏನಾದರೂ ಬದಲಾಗಿದೆಯೇ?

ಮೇಲಿನ ಹಂತದಲ್ಲಿ ಸ್ವಲ್ಪ ಬದಲಾಗಿದೆ. 2021ರಿಂದ ತಂಡಗಳ ವಾರ್ಷಿಕ ಖರ್ಚಿಗೆ ಮಿತಿ ಇದೆ. ಮೊದಲ ವರ್ಷ ಅದು 14.5 ಕೋಟಿ ಡಾಲರ್ ಇತ್ತು, ಚಾಲಕರ ಸಂಬಳ ಇದರಿಂದ ಹೊರಗೆ. ತಂಡಗಳ ಆದಾಯವೂ ಏರಿದೆ. ತಂಡಗಳ ಪಟ್ಟಿಯಲ್ಲಿ ಒಂದೊಂದು ಸ್ಥಾನ ಮೇಲೇರಿದರೂ ಹತ್ತಾರು ಲಕ್ಷ ಡಾಲರ್ ಬಹುಮಾನ ಹೆಚ್ಚು ಸಿಗುತ್ತದೆ. ಹಾಗಾಗಿ ಹಣ ತರುವ ನಿಧಾನಿಗಿಂತ ಪಾಯಿಂಟ್ ತರುವ ವೇಗಿಯೇ ಲಾಭ ಎಂಬ ಲೆಕ್ಕ ಈಗ ನಡೆಯುತ್ತದೆ. ಆದರೆ ಸೀಟುಗಳೇ ಕಡಿಮೆ. 2025ರವರೆಗೆ 20, ಕ್ಯಾಡಿಲಾಕ್ ಬಂದ ಮೇಲೆ 2026ಕ್ಕೆ 22. 2024ರ ಸೀಸನ್ ಶುರುವಾದಾಗಲಂತೂ ಒಬ್ಬನೇ ಒಬ್ಬ ಹೊಸಬ ಇರಲಿಲ್ಲ, ಹಿಂದಿನ ವರ್ಷದ ಕೊನೆಯ ರೇಸಿನಲ್ಲಿದ್ದ ಅದೇ 20 ಜನ. ಖರ್ಚಿನ ಮಿತಿ ಎಫ್1 ತಂಡಗಳಿಗೆ ಬಂದಿದೆ, ಮಕ್ಕಳ ಕಾರ್ಟಿಂಗ್ ಬಿಲ್ಲಿಗೆ ಬಂದಿಲ್ಲ.

ನಿಮ್ಮ ಮನೆಯ ಮಗು ಬಾಡಿಗೆ ಕಾರ್ಟ್‌ನಲ್ಲಿ ಚೆನ್ನಾಗಿ ಓಡಿಸುತ್ತಿದ್ದರೆ ಓಡಿಸಲಿ, ಅದೊಂದು ಸೊಗಸಾದ ಆಟ. ಯಾವುದಾದರೂ ತಂಡ ಅಥವಾ ಅಕಾಡೆಮಿ ‘ಇವನಲ್ಲಿ ಎಫ್1 ಕಸುವಿದೆ’ ಎಂದು ಹಣ ಕೇಳಿದಾಗ ಮಾತ್ರ ಕಾಗದ ಪೆನ್ನು ತೆಗೆದುಕೊಳ್ಳಿ. ಇಡೀ ವರ್ಷದ ಖರ್ಚನ್ನು ಬರವಣಿಗೆಯಲ್ಲಿ ಕೇಳಿ: ಟೈರು ಎಷ್ಟು ಜೊತೆ, ಇಂಜಿನ್ ಎಷ್ಟು ಬಾರಿ ಬಿಚ್ಚಬೇಕು, ಪ್ರಯಾಣ ಯಾರದು, ಅಭ್ಯಾಸದ ದಿನಗಳೆಷ್ಟು. ಗುದ್ದಿದಾಗ ಆಗುವ ರಿಪೇರಿ ಯಾರ ತಲೆಗೆ, ಅದಕ್ಕೆ ಮೇಲ್ಮಿತಿ ಇದೆಯೇ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಿ. ಈ ಅಕಾಡೆಮಿಯಿಂದ ಹಿಂದೆ ಹೋದ ಮಕ್ಕಳು ಈಗ ಎಲ್ಲಿದ್ದಾರೆ ಎಂದೂ ಕೇಳಿ, ಗೆದ್ದ ಒಬ್ಬನ ಫೋಟೋ ತೋರಿಸಿದರೆ ಉಳಿದವರ ಬಗ್ಗೆ ಕೇಳಿ.